ಹುಟ್ಟಿನಿಂದ ಬರುವ ಕಿಡ್ನಿ ತೊಂದರೆಗಳು: ಹೆಸರು, ಪಟ್ಟಿ, ಲೆಕ್ಕ



ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ನಮ್ಮ ಕಡೆ ದತ್ತಿ ಉಪನ್ಯಾಸವೆಂದರೆ ಮಾದಪ್ಪನ ಕಾವ್ಯ, ಮಂಟೇಸ್ವಾಮಿ ಪರಂಪರೆ, ವಚನ ಸಾಹಿತ್ಯ ಇವುಗಳ ಸುತ್ತ ನಡೆಯುವುದು ವಾಡಿಕೆ. ಆರೋಗ್ಯದ ವಿಷಯವೊಂದನ್ನು ಕನ್ನಡದಲ್ಲೇ ಮಾತಾಡಿ ಎಂದು ದಾನಿಗಳು ಕೇಳಿದಾಗ, ಮೇಲ್ನೋಟಕ್ಕೆ ಒಣ ಚರ್ಚೆ ಎನ್ನಿಸುವ ಪ್ರಶ್ನೆಯೊಂದನ್ನು ಆರಿಸಿಕೊಂಡೆ. ಮಗು ಹುಟ್ಟುವ ಮೊದಲೇ ಕಿಡ್ನಿಯಲ್ಲಿ, ಮೂತ್ರಮಾರ್ಗದಲ್ಲಿ ಆಗಿಬಿಡುವ ಹತ್ತಾರು ಬಗೆಯ ತೊಂದರೆಗಳನ್ನು ಯಾವ ಹೆಸರಿನ ಕೆಳಗೆ ಒಟ್ಟುಗೂಡಿಸಬೇಕು ಎಂಬುದೇ ಆ ಪ್ರಶ್ನೆ. ಇದು ಪಂಡಿತರ ತಕರಾರು, ನಮಗೇಕೆ ಎಂದು ನೀವು ಕೇಳಬಹುದು. ಆದರೆ ಸರ್ಕಾರಿ ಪಟ್ಟಿಯಲ್ಲಿ ಹೆಸರಿಲ್ಲದ ತೊಂದರೆಯನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಹುಡುಕದ್ದು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ್ದಕ್ಕೆ ದುಡ್ಡೂ ಬರುವುದಿಲ್ಲ.

ಪಟ್ಟಿ ಬದಲಾದರೆ ಏನಾಗುತ್ತದೆ ಎಂಬುದನ್ನು ಕೊಳ್ಳೇಗಾಲದವರಿಗೆ ಬಿಡಿಸಿ ಹೇಳಬೇಕಿಲ್ಲ. 1956ರವರೆಗೆ ಈ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿತು. ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು. ಮಣ್ಣು ಅದೇ, ಜನ ಅದೇ. ಆದರೆ ಯಾವ ಕಚೇರಿಗೆ ಅರ್ಜಿ ಕೊಡಬೇಕು, ಹಳೆಯ ದಾಖಲೆ ಯಾವ ಊರಲ್ಲಿ ಸಿಗುತ್ತದೆ, ಯಾವ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ ಎಂಬುದೆಲ್ಲ ಪ್ರತಿ ಸಲವೂ ಬದಲಾಯಿತು. ರೋಗಗಳನ್ನು ಗುಂಪು ಮಾಡುವುದೂ ಇಂಥದೇ ಆಡಳಿತದ ಕೆಲಸ. ಗಡಿ ಎಲ್ಲಿ ಎಳೆದರು ಎನ್ನುವುದರ ಮೇಲೆ ಮಗುವಿನ ದಾರಿ ನಿಂತಿದೆ.

ಗುಂಪಿನೊಳಗೆ ಏನೇನಿದೆ

ಗರ್ಭಕ್ಕೆ ಐದು ವಾರವಾಗುವ ಹೊತ್ತಿಗೆ ಭ್ರೂಣದೊಳಗಿನ ಒಂದು ನಾಳದಿಂದ ಸಣ್ಣ ಮೊಗ್ಗು ಚಿಗುರಿ ಪಕ್ಕದ ಅಂಗಾಂಶದೊಳಗೆ ಹೊಗುತ್ತದೆ. ಆ ಮೊಗ್ಗು ಕವಲೊಡೆಯುತ್ತ ಹೋಗಿ ಮೂತ್ರ ಹರಿಯುವ ನಾಳಗಳಾಗುತ್ತದೆ. ಅದರ ಸುತ್ತಲ ಅಂಗಾಂಶ ರಕ್ತ ಸೋಸುವ ನೆಫ್ರಾನುಗಳಾಗುತ್ತದೆ. ಒಂದು ಇನ್ನೊಂದಕ್ಕೆ ಸೂಚನೆ ಕೊಡುತ್ತಲೇ ಬೆಳೆಯಬೇಕು. ಒಂದರ ಹೆಜ್ಜೆ ತಪ್ಪಿದರೆ ಇನ್ನೊಂದರದೂ ತಪ್ಪುತ್ತದೆ. ಕಿಬ್ಬೊಟ್ಟೆಯ ತಳದಲ್ಲಿ ಹುಟ್ಟಿದ ಕಿಡ್ನಿಗಳು 9ನೆಯ ವಾರದ ಸುಮಾರಿಗೆ ಮೇಲೇರಿ ಬೆನ್ನಿನ ಇಕ್ಕೆಲಗಳಲ್ಲಿ ನೆಲೆಸುತ್ತವೆ. ಸುಮಾರು 36ನೆಯ ವಾರಕ್ಕೆ ನೆಫ್ರಾನ್ ಹುಟ್ಟುವುದು ನಿಲ್ಲುತ್ತದೆ. ಒಂದು ಕಿಡ್ನಿಗೆ ಸರಾಸರಿ 10 ಲಕ್ಷ. ಅದಾದ ಮೇಲೆ ಜೀವಮಾನದಲ್ಲಿ ಹೊಸದೊಂದು ಹುಟ್ಟುವುದಿಲ್ಲ.

ಈ ದಾರಿಯಲ್ಲಿ ಎಲ್ಲಿ ಎಡವಿದರೆ ಏನಾಗುತ್ತದೆ ನೋಡಿ. ಮೊಗ್ಗು ಚಿಗುರದಿದ್ದರೆ ಆ ಬದಿಗೆ ಕಿಡ್ನಿಯೇ ಇಲ್ಲ. ಕವಲು ಕಡಿಮೆಯಾದರೆ ಕಿಡ್ನಿ ಚಿಕ್ಕದು. ಸೂಚನೆ ಕಲಸಿಹೋದರೆ ಅಂಗಾಂಶ ಅಡ್ಡಾದಿಡ್ಡಿ, ಕೆಲವೊಮ್ಮೆ ಬರೀ ನೀರುಗುಳ್ಳೆಗಳ ಗೊಂಚಲು. ಮೇಲೇರುವಾಗ ಎರಡರ ತಳ ಅಂಟಿಕೊಂಡರೆ ಕುದುರೆಲಾಳದ ಆಕಾರದ ಒಂದೇ ಕಿಡ್ನಿ. ಸುಮಾರು 500 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ, ಬಹಳ ಮಂದಿಗೆ ಅದು ಗೊತ್ತಾಗುವುದೇ ಇಲ್ಲ. ಮೊಗ್ಗು ಎರಡಾದರೆ ಜೋಡಿ ನಾಳ. ಕಿಡ್ನಿಯಿಂದ ನಾಳ ಹೊರಡುವ ಬಾಯಿ ಕಿರಿದಾದರೆ ಅಲ್ಲಿ ಮೂತ್ರ ನಿಂತು ಕಿಡ್ನಿ ಹಿಗ್ಗುತ್ತದೆ. ನಾಳವು ಮೂತ್ರಕೋಶ ಸೇರುವ ಜಾಗ ಸಡಿಲವಾದರೆ ಮೂತ್ರ ಹಿಂದಕ್ಕೆ ಹರಿಯುತ್ತದೆ. ಗಂಡುಮಕ್ಕಳಲ್ಲಿ ಮೂತ್ರಕೋಶದಿಂದ ಹೊರಗೆ ಬರುವ ದಾರಿಗೆ ತೆಳು ಪೊರೆ ಅಡ್ಡ ನಿಂತರೆ ಎರಡೂ ಕಿಡ್ನಿಗೆ ಏಟು. ಈ ಕೊನೆಯದು 5,000ದಿಂದ 8,000 ಗಂಡು ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಅಪರೂಪವೆನಿಸಿದರೂ ತಡವಾದರೆ ಅತ್ಯಂತ ದುಬಾರಿಯಾಗುವುದು ಇದೇ.

ಎಲ್ಲವನ್ನೂ ಕೂಡಿಸಿದರೆ ಸಾವಿರ ಹೆರಿಗೆಗೆ ಸುಮಾರು 3ರಿಂದ 6 ಮಕ್ಕಳು ಎಂದು ಲೋಕದ ಬೇರೆ ಬೇರೆ ಕಡೆಯ ಅಧ್ಯಯನಗಳು ಹೇಳುತ್ತವೆ. ಗರ್ಭದಲ್ಲೇ ಪತ್ತೆಯಾಗುವ ಎಲ್ಲ ಅಂಗವ್ಯತ್ಯಾಸಗಳಲ್ಲಿ ಶೇಕಡ 20ರಿಂದ 30 ಈ ಗುಂಪಿನವು. ಮಕ್ಕಳಿಗೆ ಶಾಶ್ವತ ಕಿಡ್ನಿ ವೈಫಲ್ಯ ಬಂದ ಪ್ರಕರಣಗಳಲ್ಲಿ ಶೇಕಡ 40ರಿಂದ 50ಕ್ಕೆ ಮೂಲ ಇಲ್ಲಿದೆ.

ಹೆಸರುಗಳು ಬೆಳೆದು ಬಂದ ಬಗೆ

ಮೊದಲು ಇವೆಲ್ಲ ಬಿಡಿಬಿಡಿಯಾಗಿದ್ದವು. 1919ರಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು ಮೂತ್ರದಾರಿಯ ಪೊರೆಯನ್ನು ವಿವರಿಸಿ ವಿಧಗಳಾಗಿ ವಿಂಗಡಿಸಿದರು. 1946ರಲ್ಲಿ ಈಡಿತ್ ಪಾಟರ್ ಎರಡೂ ಕಿಡ್ನಿಗಳಿಲ್ಲದೆ ಹುಟ್ಟಿದ ಶಿಶುಗಳ ಮುಖಲಕ್ಷಣವನ್ನು ದಾಖಲಿಸಿದರು. ಗರ್ಭಜಲದ ಬಹುಪಾಲು ಶಿಶುವಿನ ಮೂತ್ರವೇ. ಅದಿಲ್ಲದಿದ್ದರೆ ಶಿಶುವಿನ ಶ್ವಾಸಕೋಶ ಬೆಳೆಯುವುದಿಲ್ಲ. ಹೀಗೆ ಶಸ್ತ್ರವೈದ್ಯರಿಗೆ ಒಂದು ಹೆಸರು, ಶವಪರೀಕ್ಷೆ ಮಾಡುವವರಿಗೆ ಇನ್ನೊಂದು, ಎಕ್ಸ್‌ರೇ ನೋಡುವವರಿಗೆ ಮತ್ತೊಂದು. ಒಂದೇ ಮಗುವಿಗೆ ಮೂರು ವಿಭಾಗಗಳಲ್ಲಿ ಮೂರು ಹೆಸರು ಬೀಳುತ್ತಿತ್ತು.

ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ ಎಂಬುದಕ್ಕೆ ಮೂತ್ರ ಹಿಂದಕ್ಕೆ ಹರಿಯುವ ತೊಂದರೆಯೇ ಸಾಕ್ಷಿ. ಕಲೆಗಟ್ಟಿದ ಕಿಡ್ನಿಗಳಿಗೆ ಮೊದಲು ದೀರ್ಘಕಾಲದ ಸೋಂಕು ಎಂಬ ಹಣೆಪಟ್ಟಿ ಇತ್ತು. 1973ರಲ್ಲಿ ನ್ಯೂಜಿಲೆಂಡಿನ ರಾಸ್ ಬೇಲಿ, ಹಿಮ್ಮುಖ ಹರಿವಿನಿಂದಾದ ಕಿಡ್ನಿ ರೋಗ ಎಂಬರ್ಥದ ಹೊಸ ಹೆಸರು ಕೊಟ್ಟರು. ಹರಿವನ್ನು ತಡೆದರೆ ಕಿಡ್ನಿ ಉಳಿದೀತೆಂಬ ನಂಬಿಕೆಯಲ್ಲಿ ಎಷ್ಟೋ ಮಕ್ಕಳಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಗರ್ಭದಲ್ಲೇ ಸ್ಕ್ಯಾನ್ ಮಾಡುವ ಕಾಲ ಬಂದಾಗ ಬೇರೆಯೇ ಸಂಗತಿ ಕಂಡಿತು. ಒಂದು ಸಲವೂ ಸೋಂಕು ತಗುಲದ ನವಜಾತ ಶಿಶುಗಳಲ್ಲೂ ಆ ಕಿಡ್ನಿಗಳು ಚಿಕ್ಕದಾಗಿ, ಅಡ್ಡಾದಿಡ್ಡಿಯಾಗಿ ಇದ್ದವು. ಹಾನಿಯ ಒಂದು ಪಾಲು ಹುಟ್ಟುವ ಮೊದಲೇ ಆಗಿತ್ತು. ಅಂಥ ಪಾಲನ್ನು ಯಾವ ಹೊಲಿಗೆಯೂ ಸರಿಮಾಡದು.

1975ರಲ್ಲಿ ಮ್ಯಾಕಿ ಮತ್ತು ಸ್ಟೀಫನ್ಸ್, ಮೊಗ್ಗು ಚಿಗುರುವ ಜಾಗ ತಪ್ಪಿದರೆ ನಾಳದ ಬಾಯಿಯೂ ಕಿಡ್ನಿಯ ಅಂಗಾಂಶವೂ ಜೊತೆಯಲ್ಲೇ ಕೆಡುತ್ತವೆ ಎಂದು ತೋರಿಸಿದ್ದರು. ಈ ತಿಳಿವಳಿಕೆ ಜೀನ್ ಸಂಶೋಧನೆಯೊಂದಿಗೆ ಕೂಡಿದ್ದು 1999ರಲ್ಲಿ. ಇಚಿಕಾವಾ ಮತ್ತು ಸಂಗಡಿಗರು ಬಿಡಿ ಹೆಸರುಗಳನ್ನೆಲ್ಲ ಒಂದು ಕೊಡೆಯಡಿ ತಂದು ಇಂಗ್ಲಿಷಿನ ಐದು ಮೊದಲಕ್ಷರಗಳ ಹೆಸರೊಂದನ್ನು ಬಳಕೆಗೆ ತಂದರು. ಕ್ಯಾಕಟ್ ಎಂದು ಡಾಕ್ಟರರು ಉಚ್ಚರಿಸುವುದು ಅದನ್ನೇ. ಕಿಡ್ನಿ, ನಾಳ, ಮೂತ್ರಕೋಶ ಬೇರೆ ಬೇರೆ ಅಂಗಗಳಾದರೂ ಅವುಗಳ ಕೆಡುಕಿಗೆ ಬೇರು ಒಂದೇ ಇರಬಹುದು, ಒಂದೇ ಮನೆಯಲ್ಲಿ ಅಣ್ಣನಿಗೆ ಒಂಟಿ ಕಿಡ್ನಿ, ತಂಗಿಗೆ ಹಿಮ್ಮುಖ ಹರಿವು ಬರಬಹುದು ಎಂಬುದು ಈ ಗುಂಪುಗೂಡಿಕೆಯ ತಿರುಳು. ಮನೆಯ ಒಂದು ಮಗುವಿಗೆ ಗೊತ್ತಾದರೆ ಉಳಿದವರನ್ನೂ ನೋಡಬೇಕೇ ಎಂದು ಯೋಚಿಸುವುದಕ್ಕೆ ಈ ಹೆಸರು ಕಾರಣವಾಯಿತು.

ಈ ಕೊಡೆಯಲ್ಲಿ ತೂತುಗಳಿಲ್ಲವೆಂದಲ್ಲ. ಏನೂ ತೊಂದರೆ ಕೊಡದ ಕುದುರೆಲಾಳದ ಕಿಡ್ನಿಯೂ, ಮೊದಲ ವಾರದಲ್ಲೇ ಜೀವ ತೆಗೆಯಬಹುದಾದ ಅಡ್ಡಪೊರೆಯೂ ಇಲ್ಲಿ ಒಂದೇ ಸಾಲಿನಲ್ಲಿ ಕೂತಿವೆ. ಆದ್ದರಿಂದ ಗುಂಪಿನ ಹೆಸರು ದಾಖಲೆಗೆ ಮತ್ತು ಲೆಕ್ಕಕ್ಕೆ ಒದಗಬೇಕು. ತಂದೆತಾಯಿಗೆ ಹೇಳುವಾಗ ಬಿಡಿ ಹೆಸರೇ ಬೇಕು. ನಿಮ್ಮ ಮಗುವಿಗೆ ಕ್ಯಾಕಟ್ ಇದೆ ಎಂದರೆ ಅವರಿಗೆ ಏನೂ ಹೇಳಿದಂತಾಗಲಿಲ್ಲ.

ಯಾವ ಪಟ್ಟಿಯಲ್ಲಿ ಯಾರಿದ್ದಾರೆ

ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 10ನೆಯ ಆವೃತ್ತಿಯಲ್ಲಿ ಇವುಗಳಿಗೆ ಕ್ಯೂ 60ರಿಂದ ಕ್ಯೂ 64ರವರೆಗಿನ ಸಂಖ್ಯೆಗಳಿವೆ. ಅಲ್ಲಿಯೂ ಗಡಿ ತಕರಾರು ಉಂಟು. ಮೂತ್ರದ ಬಾಯಿ ಶಿಶ್ನದ ತುದಿಯಲ್ಲಿರದೆ ಕೆಳಬದಿಗೆ ತೆರೆದುಕೊಂಡರೆ ಅದು ಜನನಾಂಗಗಳ ಪಟ್ಟಿಗೆ, ಕ್ಯೂ 54ಕ್ಕೆ ಹೋಗುತ್ತದೆ. ವಂಶದಲ್ಲಿ ಬಂದು ನಲವತ್ತರ ಆಸುಪಾಸಿನಲ್ಲಿ ತಲೆಯೆತ್ತುವ ಗುಳ್ಳೆಕಿಡ್ನಿ ರೋಗ ಕ್ಯೂ 61ರಲ್ಲಿ, ಹುಟ್ಟು ವ್ಯತ್ಯಾಸಗಳ ಜೊತೆ ಕೂತಿದೆ.

ನಮ್ಮ ಮನೆಬಾಗಿಲಿಗೆ ಬರುವ ಪಟ್ಟಿ ಬೇರೆ. ಕೇಂದ್ರ ಸರ್ಕಾರ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತವೆ. ಅವರ ಕೈಯಲ್ಲಿ 30 ತೊಂದರೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಹುಟ್ಟಿನಿಂದ ಬರುವವು ಒಂಬತ್ತು: ಬೆನ್ನುಹುರಿಯ ಊನ, ಡೌನ್ ಸಿಂಡ್ರೋಮ್, ಸೀಳುತುಟಿ ಮತ್ತು ಸೀಳು ಅಂಗುಳ, ತಿರುಚಿದ ಪಾದ, ಸೊಂಟದ ಕೀಲಿನ ತೊಂದರೆ, ಹುಟ್ಟು ಕಣ್ಣಿನ ಪೊರೆ, ಹುಟ್ಟು ಕಿವುಡು, ಹುಟ್ಟು ಹೃದ್ರೋಗ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಅಕ್ಷಿಪಟಲದ ತೊಂದರೆ. ಕಿಡ್ನಿ ಮತ್ತು ಮೂತ್ರಮಾರ್ಗದ ಹೆಸರು ಈ ಒಂಬತ್ತರಲ್ಲಿಲ್ಲ. ಬೆನ್ನುಹುರಿಯ ಊನವಿರುವ ಮಗುವಿನ ಮೂತ್ರಕೋಶ ಸರಿಯಾಗಿ ಖಾಲಿಯಾಗದೆ ಕಿಡ್ನಿ ಕೆಡುವುದುಂಟು. ಆ ಮಗುವಿನ ಕಿಡ್ನಿಯತ್ತ ಯಾರಾದರೂ ಗಮನ ಹರಿಸಿದರೆ ಬೆನ್ನಿನ ಹೆಸರಿನಲ್ಲೇ ಹರಿಸಬೇಕು.

ಹೆಸರು ಪಟ್ಟಿಗೆ ಬಂದರೆ ಏನಾಗುತ್ತದೆ ಎಂದು ತಿಳಿಯಲು ಯಳಂದೂರು ದಾಟಿ ಹೋಗಬೇಕಿಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಕುಷ್ಠರೋಗದ ಕೆಲಸಕ್ಕಾಗಿ. ಮನೆಮನೆ ಹೊಕ್ಕು ಎಣಿಸಿ ಚಿಕಿತ್ಸೆ ಕೊಟ್ಟಿದ್ದರಿಂದ ರೋಗ ಹತೋಟಿಗೆ ಬಂತು. ಬೆಟ್ಟದ ಸೋಲಿಗರಲ್ಲಿರುವ ಕುಡಗೋಲು ರಕ್ತಕಣ ರೋಗಕ್ಕೂ 2023ರಲ್ಲಿ ರಾಷ್ಟ್ರೀಯ ಅಭಿಯಾನವೆಂಬ ಹೆಸರು ದೊರೆತ ಮೇಲೆ ರಕ್ತಪರೀಕ್ಷೆ ಅವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಹೆಚ್ಚು ವ್ಯಾಪಕವಾಗಿ ಬರತೊಡಗಿತು. ಬರೆದಿಟ್ಟ ದಾಖಲೆಯ ಬೆಲೆ ಏನೆಂಬುದಕ್ಕೆ ಇನ್ನೊಂದು ಉದಾಹರಣೆ: ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ದಾದಿಯರು ಪ್ರತಿ ಶಿಶುವಿನ ತೂಕ ಬರೆದಿಟ್ಟಿದ್ದರು. ಆ ದಫ್ತರಗಳನ್ನು ತೆರೆದು ನೋಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದ್ರೋಗ ಹೆಚ್ಚು ಎಂಬುದು ಗೊತ್ತಾಯಿತು. 1996ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಬರೆದಿಟ್ಟವರಿಗೆ ಅದು ಯಾವ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ. ಆದರೂ ಬರೆದರು.

ಸ್ಕ್ಯಾನ್ ವರದಿಯ ಒಂದು ಸಾಲು

ತಾಲ್ಲೂಕು ಕೇಂದ್ರದ ಸ್ಕ್ಯಾನ್ ವರದಿಯ ಕೊನೆಯಲ್ಲಿ ಇಂಥ ಸಾಲೊಂದು ಬರುತ್ತದೆ: ಎಡ ಕಿಡ್ನಿಯ ಪೆಲ್ವಿಸ್ 8 ಮಿ.ಮೀ., ಮೈಲ್ಡ್ ಹೈಡ್ರೋನೆಫ್ರೋಸಿಸ್, ಫಾಲೋಅಪ್. ಇದು ತಾಯಿ ಕಾರ್ಡಿನೊಳಗೆ ಮಡಿಸಿಕೊಂಡು ಮನೆಗೆ ಹೋಗುತ್ತದೆ. ಮನೆಯಲ್ಲಿ ಅದು, ಮಗೀಗೆ ಕಿಡ್ನೀಲಿ ನೀರ್ ತುಂಬ್ಕಂಡದಂತೆ, ಎಂದಾಗುತ್ತದೆ. ಅಲ್ಲಿಂದ ಹೆದರಿಕೆ, ಹರಕೆ, ಗ್ರಹಣದ ಮಾತು. ಇಲ್ಲವೇ ಪೂರ್ತಿ ಮರೆವು.

ಪೆಲ್ವಿಸ್ ಎಂದರೆ ಕಿಡ್ನಿಯೊಳಗೆ ಮೂತ್ರ ಕೂಡುವ ಜಾಗ; ಅದರ ಆ 8 ಮಿ.ಮೀ. ಅಳತೆ ಬಸಿರಿನ ಯಾವ ವಾರದ್ದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಹಿಗ್ಗುವಿಕೆಗೆ ಒಬ್ಬೊಬ್ಬರು ಒಂದೊಂದು ಪದ ಬಳಸಿ ಗೊಂದಲವಾಗುತ್ತಿದ್ದರಿಂದ, 2014ರಲ್ಲಿ ಅಮೆರಿಕದ ಎಂಟು ವೈದ್ಯಸಂಘಗಳು ಕೂಡಿ, ಮೂತ್ರಮಾರ್ಗದ ಹಿಗ್ಗು ಎಂಬ ಒಂದೇ ಪದವನ್ನೂ ಅದಕ್ಕೆ ಮೆಟ್ಟಿಲುಗಳನ್ನೂ ಒಪ್ಪಿದವು. 28 ವಾರಕ್ಕೆ ಮುಂಚೆ 4 ಮಿ.ಮೀ. ಒಳಗೆ, ಆಮೇಲೆ 7 ಮಿ.ಮೀ. ಒಳಗೆ ಇದ್ದರೆ ಅದು ಸಹಜ. 32 ವಾರದಲ್ಲಿ 8 ಇದ್ದರೆ ಕೆಳಮೆಟ್ಟಿಲು. 22 ವಾರದಲ್ಲಿ 8 ಇದ್ದರೆ ಮೇಲಿನ ಮೆಟ್ಟಿಲು. ಅಂಕಿ ಒಂದೇ, ಅರ್ಥ ಬೇರೆ. ಕೆಳಮೆಟ್ಟಿಲಿನ ಹೆಚ್ಚಿನ ಮಕ್ಕಳಲ್ಲಿ ಹಿಗ್ಗು ತಾನಾಗಿಯೇ ಇಳಿಯುತ್ತದೆ.

ಇಲ್ಲಿ ಭಾರತದ್ದೇ ಆದ ಒಂದು ತೊಡಕಿದೆ. ಮೂತ್ರದಾರಿಯ ಅಡ್ಡಪೊರೆ ಬರುವುದು ಗಂಡುಮಕ್ಕಳಿಗೆ ಮಾತ್ರ. ಹೆರಿಗೆಗೆ ಮುಂಚೆ ವರದಿಯಲ್ಲಿ ಆ ಹೆಸರು ಬರೆದರೆ ಮಗು ಗಂಡೆಂದು ಹೇಳಿದಂತಾಯಿತು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಅದನ್ನು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸಕೂಡದು ಎನ್ನುತ್ತದೆ. ಮೂತ್ರಕೋಶದ ಕೆಳಗಿನ ದಾರಿಯಲ್ಲಿ ಅಡ್ಡಿ ಎಂಬ, ಲಿಂಗ ಹೇಳದ ಗುಂಪುಹೆಸರು ಆಗ ಒದಗುತ್ತದೆ. ಕಾನೂನಿಗೂ ಮಗುವಿಗೂ ಎರಡಕ್ಕೂ ಅನುಕೂಲವಾದ ಪದ ಅದು. ಹೆರಿಗೆಯಾದ ಮೇಲೆ ಆ ಪದದ ಜಾಗಕ್ಕೆ ನಿಜವಾದ ರೋಗದ ಹೆಸರು ಬರಲೇಬೇಕು. ಅಲ್ಲಿಗೆ ತಲುಪದೆ ಮಧ್ಯೆ ಕಡಿದುಹೋಗುವ ಮಕ್ಕಳೇ ನಮ್ಮ ಚಿಂತೆ.

ಇನ್ನೊಂದು ಸಂಗತಿ ಸಮಯದ್ದು. ಹುಟ್ಟಿದ ಮೊದಲ ಎರಡು ದಿನ ಮಗುವಿನ ಮೈಯಲ್ಲಿ ನೀರಿನಂಶ ಕಡಿಮೆ, ಮೂತ್ರವೂ ಕಡಿಮೆ. ಆಗ ಸ್ಕ್ಯಾನ್ ಮಾಡಿದರೆ ಹಿಗ್ಗಿದ ಕಿಡ್ನಿಯೂ ಸರಿಯಾಗಿರುವಂತೆ ಕಾಣಬಹುದು. ಆದ್ದರಿಂದ ತೀವ್ರ ತೊಂದರೆಯ ಗುಮಾನಿ ಇಲ್ಲದಿದ್ದರೆ 48 ಗಂಟೆ ಕಳೆದ ಮೇಲೆ, ಮೊದಲ ವಾರದೊಳಗೆ ಸ್ಕ್ಯಾನ್ ಆಗಬೇಕು. ಸಹಜ ಹೆರಿಗೆಯಾದ ತಾಯಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವುದೂ ಆ 48 ಗಂಟೆಯ ಆಸುಪಾಸಿನಲ್ಲೇ. ಇಂಡಿಗನತ್ತ, ಮೆಂದಾರೆ, ಪಡಸಲನತ್ತದಂಥ ಕಾಡೊಳಗಿನ ಊರಿಗೆ ಬಾಣಂತಿ ಒಮ್ಮೆ ಹೋದರೆ ಮತ್ತೆ ಸ್ಕ್ಯಾನಿಗೆ ಇಳಿದು ಬರುವುದು ಸುಲಭವಲ್ಲ.

ಕನ್ನಡದಲ್ಲಿ ಏನೆನ್ನೋಣ

ಡಾ. ಡಿ.ಎಸ್. ಶಿವಪ್ಪ, ಡಾ. ಪಿ.ಎಸ್. ಶಂಕರ್ ಅವರಂಥ ಹಿರಿಯರು ಕನ್ನಡ ವೈದ್ಯಕೀಯ ನಿಘಂಟಿಗೆ ದುಡಿದಿದ್ದಾರೆ. ಆದರೂ ಶಾಲೆಯ ಪುಸ್ತಕದಲ್ಲಿ ಮೂತ್ರಜನಕಾಂಗ, ಪತ್ರಿಕೆಯಲ್ಲಿ ಮೂತ್ರಪಿಂಡ, ಸಂತೆಯಲ್ಲಿ ಕಿಡ್ನಿ. ಕಿಡ್ನಿಯಿಂದ ಇಳಿಯುವ ನಾಳವನ್ನೂ, ಮೂತ್ರಕೋಶದಿಂದ ಹೊರಬರುವ ದಾರಿಯನ್ನೂ ಮೂತ್ರನಾಳ ಎಂದೇ ಬರೆಯುವವರಿದ್ದಾರೆ. ಮೇಲಿನದಕ್ಕೆ ಅಡ್ಡಿಯಾದರೆ ಒಂದು ಕಿಡ್ನಿಗೆ ಅಪಾಯ, ಕೆಳಗಿನದಕ್ಕಾದರೆ ಎರಡಕ್ಕೂ. ಹಾಗಾಗಿ ಮೇಲಿನದನ್ನು ಮೂತ್ರನಾಳ, ಕೆಳಗಿನದನ್ನು ಮೂತ್ರದಾರಿ ಎಂದು ಬೇರೆ ಮಾಡಿ ಬಳಸುವುದು ಒಳ್ಳೆಯದು. ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಸಂಸ್ಥೆಯೇ 2020ರಲ್ಲಿ ಲ್ಯಾಟಿನ್, ಗ್ರೀಕ್ ಮೂಲದ ಪದ ಬಿಟ್ಟು ಕಿಡ್ನಿ ಎಂದೇ ಬರೆಯಿರಿ, ರೋಗಿಗಳಿಗೆ ಅದೇ ಗೊತ್ತು ಎಂದಿತು. ಮಾರ್ಟಳ್ಳಿಯ ತಮಿಳು ಮನೆಯಲ್ಲೂ, ಒಡೆಯರಪಾಳ್ಯದ ಟಿಬೆಟನ್ ಬಿಡಾರದಲ್ಲೂ, ಸೋಲಿಗರ ಪೋಡಿನಲ್ಲೂ ಕಿಡ್ನಿ ಎಂದರೆ ತಿಳಿಯುತ್ತದೆ.

ಗುಂಪಿಗೆ ಹುಟ್ಟುದೋಷ ಎನ್ನಬೇಡಿ ಎಂಬುದು ನನ್ನ ಕೋರಿಕೆ. ನಮ್ಮಲ್ಲಿ ದೋಷವೆಂದ ಕೂಡಲೇ ಯಾರದ್ದು ಎಂಬ ಪ್ರಶ್ನೆ ಬರುತ್ತದೆ, ಉತ್ತರವಾಗಿ ತಾಯಿಯತ್ತ ಬೆರಳು ತೋರಿಸುತ್ತಾರೆ. ಹುಟ್ಟಿನಿಂದ ಬಂದ ಕಿಡ್ನಿ–ಮೂತ್ರಮಾರ್ಗದ ವ್ಯತ್ಯಾಸಗಳು ಎಂದರೆ ಸ್ವಲ್ಪ ಉದ್ದವಾದರೂ ಸತ್ಯಕ್ಕೆ ಹತ್ತಿರ. ಹುಟ್ಟಿನಿಂದ ಬಂದದ್ದೆಲ್ಲ ವಂಶದಿಂದ ಬಂದದ್ದಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಅಡ್ಡಪೊರೆ ಸಾಮಾನ್ಯವಾಗಿ ವಂಶದಲ್ಲಿ ಹರಿಯುವುದಿಲ್ಲ. ಅದೇ ಶಿಶುಗಳ ಗುಳ್ಳೆಕಿಡ್ನಿ ರೋಗದಲ್ಲಿ ತಾಯಿ ತಂದೆ ಇಬ್ಬರೂ ಕೆಟ್ಟ ಜೀನಿನ ಒಂದೊಂದು ಪ್ರತಿ ಹೊತ್ತಿರುತ್ತಾರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಕರ್ನಾಟಕದ ಮದುವೆಗಳಲ್ಲಿ ಕಾಲು ಭಾಗದಷ್ಟು ರಕ್ತಸಂಬಂಧದೊಳಗೆ ಆಗುತ್ತವೆ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಇಂಥ ರೋಗದ ಸಂಭವ ಹೆಚ್ಚು. ಅದನ್ನು ಬೈಗುಳದ ದನಿಯಲ್ಲಲ್ಲ, ಮುಂದಿನ ಮಗುವಿನ ಕಾಳಜಿಯಲ್ಲಿ ಹೇಳಬೇಕು.

ನಮ್ಮ ಮೂರು ತಾಲ್ಲೂಕಿನಲ್ಲಿ ಆಗಬಹುದಾದದ್ದು

ರಾಷ್ಟ್ರದ ಪಟ್ಟಿ ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ದಫ್ತರ ನಮ್ಮ ಕೈಯಲ್ಲಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗುತ್ತಾರೆ. ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಹಾಲು ಕುಡಿಯುವುದನ್ನು ಕೇಳುತ್ತಾರೆ. ಅದರ ಜೊತೆ ಎರಡು ಪ್ರಶ್ನೆ ಸೇರಿಸಿ. ಬಸುರಿನ ಸ್ಕ್ಯಾನಿನಲ್ಲಿ ಕಿಡ್ನಿಯ ಬಗ್ಗೆ ಏನಾದರೂ ಬರೆದಿತ್ತೇ? ಮಗು ಹೇಗೆ ಉಚ್ಚೆ ಹೊಯ್ಯುತ್ತದೆ?

ಎರಡನೆಯ ಪ್ರಶ್ನೆಗೆ ಅಜ್ಜಿಯರೇ ಸರಿಯಾದ ಉತ್ತರ ಕೊಡುತ್ತಾರೆ. ಎಣ್ಣೆನೀರು ಹಾಕಿ ಕಾಲ ಮೇಲೆ ಮಲಗಿಸಿಕೊಂಡ ಗಂಡುಮಗು ಅಜ್ಜಿಯ ಸೀರೆ ನೆನೆಯುವಂತೆ ಧಾರೆ ಹಾರಿಸುತ್ತದೆ. ಹಾಗಾಗದೆ ತೊಟ್ಟುತೊಟ್ಟಾಗಿ ಬಂದರೆ, ಮುಖ ಕೆಂಪಗೆ ಮಾಡಿ ತಿಣುಕಿದರೆ, ಕಿಬ್ಬೊಟ್ಟೆ ಗಟ್ಟಿಯಾಗಿ ಕೈಗೆ ಸಿಕ್ಕರೆ, ಹುಟ್ಟಿ 48 ಗಂಟೆಯಾದರೂ ಉಚ್ಚೆ ಆಗದಿದ್ದರೆ ಅಂದೇ ಆಸ್ಪತ್ರೆಗೆ ಕಳಿಸಬೇಕು. ಧಾರೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಸ್ಕ್ಯಾನ್ ಬಿಡುವಂತಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ನೆಗಡಿ, ಕೆಮ್ಮು, ಭೇದಿ ಯಾವುದೂ ಇಲ್ಲದೆ ಜ್ವರ ಬಂದರೆ ಮೂತ್ರಪರೀಕ್ಷೆಯಾಗದೆ ಆಂಟಿಬಯಾಟಿಕ್ ಕೊಡಿಸಬೇಡಿ. ಒಂಟಿ ಕಿಡ್ನಿಯ ಮಗು ಆಡಬಹುದು, ಓದಬಹುದು, ಮದುವೆಯಾಗಬಹುದು. ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಮೂತ್ರದಲ್ಲಿ ಪ್ರೋಟೀನ್ ನೋಡಿಸಬೇಕು, ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿಸಬಾರದು. ಅಷ್ಟೇ.

ಸ್ಕ್ಯಾನ್ ಕೇಂದ್ರದ ವೈದ್ಯರಲ್ಲಿ ಒಂದು ವಿನಂತಿ. ವರದಿಯ ಕೊನೆಯಲ್ಲಿ ಫಾಲೋಅಪ್ ಎಂದಷ್ಟೇ ಬರೆಯದೆ, ವಾರವನ್ನೂ ಮಿ.ಮೀ.ಯನ್ನೂ ಮೆಟ್ಟಿಲನ್ನೂ ಬರೆಯಿರಿ. ಹೆರಿಗೆಯಾದ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಮಗುವಿಗೆ ಸ್ಕ್ಯಾನ್ ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆ ದಫ್ತರದ ಪಕ್ಕದಲ್ಲಿ ಕಿಡ್ನಿ–ಮೂತ್ರಮಾರ್ಗ ಎಂಬ ಒಂದು ಕಾಲಂ ಎಳೆಯಿರಿ, ಗುಂಪಿನ ಹೆಸರು ಅಲ್ಲಿರಲಿ. ಅದರ ಕೆಳಗೆ ಬಿಡಿ ಹೆಸರು, ಕಳಿಸಿದ ಆಸ್ಪತ್ರೆ, ಮತ್ತೆ ಬಂದ ದಿನ ಬರೆಯಿರಿ. ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಇದನ್ನು ಈ ವರ್ಷವೇ ಶುರುಮಾಡಬಹುದು. ಇದಕ್ಕೆ ಬೇಕಾದದ್ದು ಒಂದು ಅಡಿಪಟ್ಟಿ ಮತ್ತು ಪೆನ್ನು. ದಯವಿಟ್ಟು ಬರೆಯಲು ತೊಡಗಿ.